ಪೈಥಾನ್ 3.13 ಪ್ಯಾಕೇಜ್ ಕಟ್ಟಿದ ಕಥೆ, ಬಿಟ್ಟುಹೋದ ಒಂದು ಟಿಲ್ಡೆ

ಶಿರಸಿ ಹತ್ರ ಒಂದು ಹೈಸ್ಕೂಲ್ ಲ್ಯಾಬಲ್ಲಿ ಹನ್ನೆರಡು ಹಳೇ ಮಷಿನ್ ಇವೆ, ಎಲ್ಲಾದ್ರಲ್ಲೂ ಡೆಬಿಯನ್ 12 ಅನ್ನೋ ಲಿನಕ್ಸ್, ಅದ್ರಲ್ಲಿ ಬರೋ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ 3.11. 3.13ರಲ್ಲಿ ಎರರ್ ಮೆಸೇಜ್ ಬಣ್ಣದಲ್ಲಿ ಬರತ್ತೆ, ಮಕ್ಕಳಿಗೆ ಎಲ್ಲಿ ತಪ್ಪಿದೆ ಅಂತ ಬೇಗ ಕಾಣತ್ತೆ, ಹಾಕ್ಕೊಡಿ ಅಂತ ಅಲ್ಲಿನ ಸರ್ ಕೇಳಿದ್ರು. 2024ರ ಆಗಸ್ಟ್, ಅದ್ರ ಆರ್‌ಸಿ1, ಅಂದ್ರೆ ಫೈನಲ್‌ಗೆ ಮುಂಚಿನ ಪರೀಕ್ಷೆಯ ವರ್ಷನ್, ಆಗಷ್ಟೇ ಬಂದಿತ್ತು.

ಹನ್ನೆರಡು ಕಡೆ ಕಂಪೈಲ್ ಮಾಡ್ತಾ ಕೂರೋ ಬದ್ಲು ಒಂದೇ ಡೆಬ್ ಪ್ಯಾಕೇಜ್ (ಡೆಬಿಯನ್ನಲ್ಲಿ ಸಾಫ್ಟ್‌ವೇರ್ ಹಾಕೋ ಫೈಲ್) ಮಾಡಿ, ನನ್ನ ಲ್ಯಾಪ್‌ಟಾಪನ್ನೇ ಲ್ಯಾಬಿಗೆ ಲೋಕಲ್ ರೆಪೊಸಿಟರಿ, ಅಂದ್ರೆ ಮಷಿನ್‌ಗಳು ಪ್ಯಾಕೇಜ್ ತಗೊಳ್ಳೋ ಜಾಗ, ಮಾಡೋದು ಅಂದ್ಕೊಂಡೆ. ಸಿಸ್ಟಮ್ ಪೈಥಾನ್ ಮಾತ್ರ ಮುಟ್ಬಾರ್ದು, ಡೆಬಿಯನ್ನಿನ ಎಷ್ಟೋ ಟೂಲ್ ಅದನ್ನೇ ನಂಬ್ಕೊಂಡಿವೆ, ಹಾಗಾಗಿ ಬೇರೆಯಾಗಿ ಆಪ್ಟ್ ಫೋಲ್ಡರಿಗೇ ಹೋಗೋ ಹಾಗೆ ಪ್ರಿಫಿಕ್ಸ್ ಕೊಟ್ಟು, ಮೇಕ್ ಇನ್‌ಸ್ಟಾಲ್ ಬದ್ಲು ಪೈಥಾನ್3 ಅನ್ನೋ ಹೆಸರನ್ನ ಮುಟ್ಟದ ಆಲ್ಟ್‌ಇನ್‌ಸ್ಟಾಲ್.

ಪೈಥಾನ್ ಬೇಗ ಓಡ್ಲಿ ಅಂತ ಆಪ್ಟಿಮೈಸೇಶನ್ ಆನ್ ಮಾಡಿದ್ರೆ ಅದು ಒಂದ್ಸಲ ಬಿಲ್ಡ್ ಆಗಿ, ಟೆಸ್ಟ್ ಓಡಿಸಿ, ಆ ಪ್ರೊಫೈಲ್ ನೋಡ್ಕೊಂಡು ಮತ್ತೆ ಬಿಲ್ಡ್ ಆಗತ್ತೆ. ನಮ್ಮಲ್ಲಿ ಆಗಸ್ಟಲ್ಲಿ ಯಾವಾಗ ಲೈನ್ ಮೇಲೆ ಮರ ಬೀಳತ್ತೆ ಹೇಳಕ್ಕಾಗಲ್ಲ, ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಇಪ್ಪತ್ತೇ ನಿಮಿಷ, ಎರಡು ಸಲ ಅರ್ಧಕ್ಕೇ ಹೋಯ್ತು. ಮೂರನೇ ಸಲ ಕೂತಾಗ ಆಯಿ "ತಮಾ, ಊಟಕ್ಕೆ ಬತ್ಯ ಇಲ್ಯ" ಅಂತ ಕರೀತಾನೇ ಇದ್ಳು. ಅಂತೂ ಎರರ್ ಇಲ್ದೆ ಮುಗೀತು, ಆದ್ರೆ ಎಸ್‌ಕ್ಯೂಲೈಟ್ (ಚಿಕ್ಕ ಡೇಟಾಬೇಸ್) ಇಂಪೋರ್ಟೇ ಆಗ್ಲಿಲ್ಲ! ಕಂಪೈಲ್ ಮಾಡಕ್ಕೆ ಬೇಕಾದ ಅದ್ರ ಡೆವ್ ಪ್ಯಾಕೇಜ್ ನಾನು ಹಾಕಿರ್ಲಿಲ್ಲ. ಪೈಥಾನ್ ಇಂಥದಕ್ಕೆ ಬಿಲ್ಡ್ ನಿಲ್ಸಲ್ಲ, ಕೊನೇಲಿ ಈ ಮಾಡ್ಯೂಲಿಗೆ ಬೇಕಾದ್ದು ಸಿಗ್ಲಿಲ್ಲ ಅಂತ ಒಂದು ಪಟ್ಟಿ ತೋರ್ಸಿ ಸುಮ್ನಾಗತ್ತೆ, ಅದನ್ನ ಓದೋರು ಯಾರು.

ಇದೆಲ್ಲಾ ಸರಿ ಮಾಡ್ಕೊಂಡು ಹನ್ನೆರಡಕ್ಕೂ ಹಾಕಿ ಬಂದೆ. ಅಕ್ಟೋಬರ್ 7ಕ್ಕೆ ಫೈನಲ್ 3.13.0 ಬಂತು, ಪ್ಯಾಕೇಜ್ ಮಾಡಿ ಅಪ್‌ಗ್ರೇಡ್ ಕೊಟ್ರೆ ಒಂದು ಮಷಿನ್ನೂ ತಗೊಳ್ತಿಲ್ಲ, ಇರೋದೇ ಹೊಸಾದು ಅಂತ ಹಟ. ನೆಟ್‌ವರ್ಕ್ ಕೇಬಲ್ ಬಿಚ್ಚಿ ಹಾಕಿ, ಕ್ಯಾಶ್ ಅಳ್ಸಿ, ಅರ್ಧ ದಿನ ಹೋಯ್ತು. ತಪ್ಪಿದ್ದಿದ್ದು ಪ್ಯಾಕೇಜಿನ ವರ್ಷನ್ ಬರೆಯೋ ಚೇಂಜ್‌ಲಾಗ್ ಫೈಲಿನ ಮೊದಲ್ನೇ ಸಾಲಲ್ಲಿ. ನಾನು ಬರ್ದಿದ್ದು 3.13.0ಆರ್‌ಸಿ1, ಬರೀಬೇಕಿದ್ದಿದ್ದು 3.13.0~ಆರ್‌ಸಿ1. ಡೆಬಿಯನ್ನಲ್ಲಿ ಪ್ಯಾಕೇಜ್ ಹಾಕೋ ಟೂಲ್ ಡಿಪಿಕೆಜಿ, ಅದ್ರ ಲೆಕ್ಕದಲ್ಲಿ ನಂಬರ್ ಆದ್ಮೇಲೆ ಅಕ್ಷರ ಬಂದ್ರೆ ಅದು ದೊಡ್ಡ ವರ್ಷನ್, ಟಿಲ್ಡೆ (~) ಬಂದ್ರೆ ಮಾತ್ರ ಏನೂ ಇಲ್ದೇ ಇರೋದಕ್ಕಿಂತ್ಲೂ ಚಿಕ್ದು. ಅಂದ್ರೆ ನನ್ನ ಆರ್‌ಸಿ1 ಫೈನಲ್‌ಗಿಂತ ಹೊಸದಾಗಿ ಕೂತಿತ್ತು.

ಎಪೋಕ್, ಅಂದ್ರೆ ಬೇರೆಲ್ಲಕ್ಕಿಂತ ಮೊದ್ಲು ಹೋಲ್ಸೋ ನಂಬರ್, ಹಾಕಿದ್ರೆ ಮುಗೀತಿತ್ತು, ಆದ್ರೆ ವರ್ಷನ್ನಿನ ಶುರುವಲ್ಲಿ 1 ಕೋಲನ್ ಅಂತ ಸೇರ್ಸಿದ್ರೆ ಆ ಪ್ಯಾಕೇಜ್ ಇರೋತನಕ ಅದನ್ನ ಹೊತ್ಕೊಂಡೇ ತಿರುಗ್ಬೇಕು, ಹನ್ನೆರಡು ಮಷಿನ್ನಿಗೆ ಅಷ್ಟು ರಗಳೆ ಯಾಕೆ ಅಂತ ಒಂದೊಂದ್ರಲ್ಲೂ ಕೂತು ಕೈಯಾರೆ 3.13.0ಕ್ಕೆ ಡೌನ್‌ಗ್ರೇಡ್ ಮಾಡ್ದೆ. ಡಿಸೆಂಬರಲ್ಲಿ 3.13.1 ಬಂದಾಗ, ರೆಪೊಸಿಟರಿಗೆ ಹಾಕೋ ಮೊದ್ಲೇ ಡಿಪಿಕೆಜಿಯ ಕಂಪೇರ್ ವರ್ಷನ್ಸ್ ಆಪ್ಶನ್ನಲ್ಲಿ ಹಳೇದು ಹೊಸಾದು ಎರಡೂ ಕೊಟ್ಟು ಯಾವುದು ದೊಡ್ಡದು ಅಂತ ಕೇಳ್ದೆ. ಅವತ್ತು ಲ್ಯಾಬಿಗೆ ಹೋಗಿದ್ದು ಚಾ ಕುಡಿಯಕ್ಕೆ ಮಾತ್ರ.