ಟಾರ್ಚ್ ಮಿಣಮಿಣ ಅಂದ್ರೆ ಮೊದ್ಲು ಹಿಂದಿನ ಮುಚ್ಚಳ ನೋಡಿ
ಮೆಟಲ್ ಬಾಡಿ ಇರೋ ಅಗ್ಗದ ಎಲ್‌ಇಡಿ ಟಾರ್ಚು ಮಿಣಮಿಣ ಅಂತಿದ್ರೆ, ಇಲ್ಲ ಅಂಗೈಗೆ ತಟ್ಟಿದ್ರೆ ಮಾತ್ರ ಹತ್ತಿಕೊಳ್ತಿದ್ರೆ ದಯವಿಟ್ಟು ಎಸೀಬೇಡಿ, ಸ್ವಿಚ್ ಇರೋ ಹಿಂದಿನ ಮುಚ್ಚಳ ಬಿಚ್ಚಿ ಒಂದು ತುಂಡು ವೈರಿನ ಒಂದು ತುದೀನ ಸೆಲ್ಲಿನ ಹಿಂಭಾಗಕ್ಕೆ, ಇನ್ನೊಂದನ್ನ ಕೊಳವೆ ಅಂಚಿನ ಬಣ್ಣ ಇಲ್ಲದ ಬರೀ ಲೋಹಕ್ಕೆ ಮುಟ್ಟಿಸಿ. ಜೋರಾಗಿ ಹತ್ತಿದ್ರೆ ಎಲ್‌ಇಡಿ ಚೆನ್ನಾಗಿದೆ, ತೊಂದ್ರೆ ಇರೋದು ಮುಚ್ಚಳದಲ್ಲೇ. ಯಾಕಂದ್ರೆ ಇಂಥ ಟಾರ್ಚಲ್ಲಿ ಕರೆಂಟು ಬಾಡಿ ಮೂಲಕಾನೇ ವಾಪಸ್ ಬರುತ್ತೆ, ಥ್ರೆಡ್ಡಲ್ಲಿ ಕಪ್ಪು ಕೊಳೆ ಕೂತ್ರೆ ಅಲ್ಲೇ ತಡೆಯುತ್ತೆ. ಥ್ರೆಡ್ಡು, ಅಂಚು ಎರಡನ್ನೂ ಸ್ಪಿರಿಟ್ ಹಾಕಿದ ಬಟ್ಟೇಲಿ ಒರೆಸಿ, ಮುಚ್ಚಳದೊಳಗೆ ಎರಡು ಸಣ್ಣ ತೂತಿರೋ ರಿಂಗ್ ಇರುತ್ತಲ್ಲ, ಅದನ್ನ ಚೂಪು ಇಕ್ಕಳದಲ್ಲಿ ತಿರುಗಿಸಿ ಬಿಗಿ ಮಾಡಿ, ಬಹಳಷ್ಟು ಸಲ ಸಡಿಲ ಆಗಿರೋದು ಇದೇ. ಸೋಲ್ಡರಿಂಗ್ ಬರೋರು ಮುಚ್ಚಳದೊಳಗೆ ಸೆಲ್ಲಿಗೆ ಒತ್ತೋ ಸ್ಪ್ರಿಂಗಿನ ಬುಡದಿಂದ ತುದಿಗೆ ಒಂದು ತೆಳು ತಾಮ್ರದ ವೈರ್ ಹಾಕಿಬಿಡಿ, ಸ್ಪ್ರಿಂಗಿನ ರೆಸಿಸ್ಟೆನ್ಸ್ ತಪ್ಪಿ ಬೆಳಕು ಒಂಚೂರು ಜಾಸ್ತೀನೂ ಆಗಬಹುದು, ಆದ್ರೆ ಸ್ಪ್ರಿಂಗ್ ಒತ್ತಿದಾಗ ಬಾಗೋಷ್ಟು ಉದ್ದ ಬಿಡಿ. ಪ್ಲಾಸ್ಟಿಕ್ ಬಾಡಿಗೆ ಈ ಟೆಸ್ಟ್ ನಡೆಯಲ್ಲ. ವೈರ್ ಮುಟ್ಟಿಸಿದ್ರೂ ಮಂಕಾಗೇ ಇದ್ರೆ ಸೆಲ್ ಬದಲಾಯಿಸಿ ನೋಡಿ, ಆಗ್ಲೂ ಹಂಗೇ ಇದ್ರೆ ತಲೆ ಕಡೆ ಸರ್ಕ್ಯೂಟೋ ಎಲ್‌ಇಡಿನೋ ಹೋಗಿದೆ ಅಂತ. ಲಿಥಿಯಂ ಸೆಲ್ ಆದ್ರೆ ವೈರು ಅದರ ಎರಡೂ ತುದಿಗೆ ಒಟ್ಟಿಗೆ ಯಾವ ಕಾರಣಕ್ಕೂ ತಾಗಬಾರ್ದು, ಕ್ಷಣದಲ್ಲಿ ಕಾದು ಕೈ ಸುಡುತ್ತೆ.