ಪ್ರಯಾಣದಲ್ಲಿ ಹೆಪಟೈಟಿಸ್ ತಗುಲದಂತೆ ನಾನು ಮಾಡಿಕೊಳ್ಳುವ ತಯಾರಿ

ನಾನಿಲ್ಲಿ ಹೇಳುವ ಹೆಪಟೈಟಿಸ್ ವೈರಸ್‌ನಿಂದ ಬರುವ ಲಿವರ್‌ನ ಉರಿಯೂತ; ಎ, ಬಿ, ಸಿ, ಇ ಅದರ ಬಗೆಗಳು. ಟಿಕೆಟ್ ಖಚಿತವಾದ ಕೂಡಲೇ ನಾನು ತೆಗೆದು ನೋಡುವುದು ಲಸಿಕೆಯ ಚೀಟಿ. ಹೆಪಟೈಟಿಸ್ ಎ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡ ಎರಡರಿಂದ ನಾಲ್ಕು ವಾರದಲ್ಲಿ ರಕ್ಷಣೆ ಸಿಗುತ್ತದೆ. ಆರು ತಿಂಗಳಾದ ಮೇಲೆ ಎರಡನೆಯದು. ಹೊರಡುವ ಹಿಂದಿನ ವಾರ ನೆನಪಾದರೂ ಹಾಕಿಸಿಕೊಳ್ಳುವುದೇ ಸರಿ. ವೈರಸ್ ಹೊಕ್ಕ ಮೇಲೆ ಕಾಯಿಲೆ ಕಾಣಿಸಲು 15ರಿಂದ 50 ದಿನ ಹಿಡಿಯುವುದರಿಂದ ಲಸಿಕೆಗೆ ಕೆಲಸ ಮಾಡಲು ಸಮಯ ಸಿಗುತ್ತದೆ. ಹೆಪಟೈಟಿಸ್ ಬಿ ಲಸಿಕೆಗೆ ಸಾಮಾನ್ಯವಾಗಿ 0, 1, 6 ತಿಂಗಳ ಲೆಕ್ಕ. ಅಷ್ಟು ಸಮಯವಿಲ್ಲದವರಿಗೆ ವೈದ್ಯರು 0, 7, 21ನೇ ದಿನಕ್ಕೆ ಕೊಟ್ಟು, ವರ್ಷ ತುಂಬಿದಾಗ ನಾಲ್ಕನೆಯದನ್ನು ಕೊಡುವುದುಂಟು. ಮರೆತುಹೋಗುವುದು ಆ ನಾಲ್ಕನೆಯದೇ. ಹೆಪಟೈಟಿಸ್ ಸಿಗೆ ಲಸಿಕೆಯೇ ಇಲ್ಲ. ಹೆಪಟೈಟಿಸ್ ಇ ಲಸಿಕೆ ಬಹಳಷ್ಟು ದೇಶಗಳಲ್ಲಿ ಸಿಗದು; ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಇ ಪ್ರಾಣಕ್ಕೇ ಎರವಾಗಬಹುದು.

ಎ ಮತ್ತು ಇ ಹರಡುವುದು ಕೊಳಕು ನೀರು, ಆಹಾರದಿಂದ; ಹೆಚ್ಚಿನವರು ಎಡವುವುದು ನೀರಿನ ವಿಷಯದಲ್ಲಿ. ಬ್ಯಾಗಿನಲ್ಲಿ ಒಯ್ಯುವ ಟೊಳ್ಳುನಾರಿನ ಫಿಲ್ಟರ್‌ಗಳ ರಂಧ್ರ 0.1ರಿಂದ 0.2 ಮೈಕ್ರಾನ್, ಬ್ಯಾಕ್ಟೀರಿಯಾ ಅಲ್ಲೇ ನಿಲ್ಲುತ್ತದೆ. ಹೆಪಟೈಟಿಸ್ ಎ ವೈರಸ್ ಸುಮಾರು 0.03 ಮೈಕ್ರಾನ್, ಸಲೀಸಾಗಿ ದಾಟುತ್ತದೆ. ಹಾಗಾಗಿ ನಾನು ನೀರನ್ನು ಕುದಿಸುತ್ತೇನೆ: ಚೆನ್ನಾಗಿ ಮರಳತೊಡಗಿದ ಮೇಲೆ ಪೂರ್ತಿ ಒಂದು ನಿಮಿಷ, 2000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ. ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದಲ್ಲ. ಆರಿಸುವುದೂ ಅದೇ ಪಾತ್ರೆಯಲ್ಲಿ, ಮುಚ್ಚಿಟ್ಟು. ನಲ್ಲಿ ನೀರಲ್ಲಿ ತೊಳೆದ ಬಾಟಲಿಗೆ ಸುರಿದರೆ ಕುದಿಸಿದ್ದೂ ದಂಡ. ಹಲ್ಲುಜ್ಜಲೂ ಈ ನೀರೇ. ಕ್ಲೋರಿನ್ ಮಾತ್ರೆ ಹಾಕುವುದಾದರೆ ಮೊದಲು ಬಟ್ಟೆಯಲ್ಲಿ ಸೋಸಬೇಕು. ಕದಡಿದ ನೀರಿನ ಕೊಳೆಯೇ ಕ್ಲೋರಿನ್ ತಿಂದುಹಾಕುತ್ತದೆ. ನೀರು ತಣ್ಣಗಿದ್ದಷ್ಟೂ ಹೆಚ್ಚು ಹೊತ್ತು ಕಾಯಬೇಕು. ಐಸ್ ಬೇಡವೇ ಬೇಡ, ಹೆಪ್ಪುಗಟ್ಟಿದರೆ ಈ ವೈರಸ್ ಸಾಯುವುದಿಲ್ಲ.

ಸ್ಯಾನಿಟೈಸರನ್ನೂ ಅತಿಯಾಗಿ ನಂಬಬೇಡಿ. ಹೆಪಟೈಟಿಸ್ ಎ ವೈರಸ್‌ಗೆ ಆಲ್ಕೋಹಾಲ್ ಕರಗಿಸುವಂಥ ಕೊಬ್ಬಿನ ಹೊದಿಕೆ ಇಲ್ಲ. ಜೇಬಿನಲ್ಲಿ ಸಾಬೂನಿನ ತುಂಡು ಇಟ್ಟುಕೊಂಡು, ಶೌಚದ ನಂತರವೂ ಊಟಕ್ಕೆ ಮುಂಚೆಯೂ 20 ಸೆಕೆಂಡ್ ಉಜ್ಜಿ ತೊಳೆಯುವುದು ವಾಸಿ.

ಊಟದಲ್ಲಿ ಹಸಿ ಸಲಾಡ್ ಬಿಡುತ್ತೇನೆ, ಹಣ್ಣನ್ನು ನಾನೇ ಸುಲಿಯುತ್ತೇನೆ. ಚಿಪ್ಪುಮೀನು ನೀರನ್ನು ಸೋಸಿ ಬದುಕುವುದರಿಂದ ವೈರಸ್ ಅದರೊಳಗೆ ಸೇರಿಕೊಳ್ಳುತ್ತದೆ. ಆವಿಯಲ್ಲಿ ಚಿಪ್ಪು ಬಾಯಿಬಿಟ್ಟರೆ ಬೆಂದಿತೆಂದಲ್ಲ. ಒಳಗಿನ ಮಾಂಸ 85 ಡಿಗ್ರಿ ಸೆಲ್ಸಿಯಸ್‌ಗೇರಿ ಒಂದು ನಿಮಿಷ ಇರಬೇಕು. ಅರೆಬೆಂದ ಹಂದಿ ಮಾಂಸದಿಂದ, ಅದರಲ್ಲೂ ಲಿವರ್‌ನಿಂದ, ಹೆಪಟೈಟಿಸ್ ಇ ಬರಬಹುದು.

ಬಿ ಮತ್ತು ಸಿ ವಿಷಯದಲ್ಲಿ ಎಚ್ಚರ ರಕ್ತದ ಬಗ್ಗೆ; ಬಿಯಲ್ಲಿ ಲೈಂಗಿಕ ಸಂಪರ್ಕವೂ ದೊಡ್ಡ ದಾರಿ, ಕಾಂಡೋಮ್ ಬಿಡಬಾರದು. ಬಿ ವೈರಸ್ ದೇಹದ ಹೊರಗೆ ಏಳು ದಿನವಾದರೂ ಬದುಕಿರುತ್ತದೆ, ಆದ್ದರಿಂದ ರೇಜರ್, ಉಗುರುಕತ್ತರಿ ನನ್ನವೇ. ಹಚ್ಚೆ, ಕಿವಿ ಚುಚ್ಚಿಸುವುದೆಲ್ಲ ಪ್ರಯಾಣದಲ್ಲಿ ಬೇಡ. ಇಂಜೆಕ್ಷನ್ ಬೇಕಾದರೆ ಸಿರಿಂಜಿನ ಪೊಟ್ಟಣ ಕಣ್ಣೆದುರೇ ಒಡೆಯಲಿ. ಬಳಸಿದ ಸೂಜಿ ಚುಚ್ಚಿತೋ, ಸಾಬೂನು ನೀರಲ್ಲಿ ತೊಳೆದು ಅಂದೇ ವೈದ್ಯರ ಬಳಿ ಹೋಗಬೇಕು: ಲಸಿಕೆಯಾಗದವರಿಗೆ ಬಿ ಲಸಿಕೆಯನ್ನೂ ಇಮ್ಯುನೊಗ್ಲೋಬುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಅನ್ನೂ 24 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು.