ಏರ್‌ಲೈನ್ ಕೆಲಸದ ಎರಡು ಆಫರ್ ಬಂದಾಗ ಯಾವುದು ಜಾಸ್ತಿ ಅಂತ ತಿಳಿಯುವುದು ಹೇಗೆ?

ಒಂದು ಭಾನುವಾರ ಅಕ್ಕನ ಮಗಳು ಎರಡು ಆಫರ್ ಲೆಟರ್ ಹಿಡಿದುಕೊಂಡು ಬಳ್ಳಾರಿ ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬಂದಳು. ಎರಡೂ ಕ್ಯಾಬಿನ್ ಕ್ರೂ ಕೆಲಸ, ಅಂದರೆ ವಿಮಾನದೊಳಗೆ ಪ್ರಯಾಣಿಕರನ್ನು ನೋಡಿಕೊಳ್ಳುವುದು. ಒಂದರಲ್ಲಿ ವರ್ಷಕ್ಕೆ 6,60,000 ರೂಪಾಯಿ, ಇನ್ನೊಂದರಲ್ಲಿ 5,52,000. ‘ಮಾಮಾ, ಇದ್ರಾಗ ನೋಡೋದು ಏನೈತಿ? ಜಾಸ್ತಿ ಇದ್ದದ್ದಕ್ಕ ಹೋಗ್ತೀನಿ’ ಅಂದಳು. ಅಕ್ಕ ಆಗಲೇ ಓಣಿಯವರಿಗೆಲ್ಲ ಸಿಹಿ ಹಂಚಿದ್ದಳು. ಅರ್ಧ ಗಂಟೆ ಕೂತು ಲೆಕ್ಕ ಹಾಕಿದೆವು. ಕಡಿಮೆ ಕಂಡ ಪತ್ರದಲ್ಲೇ ಪ್ರತಿ ತಿಂಗಳೂ ಕೈಗೆ ಹೆಚ್ಚು ದುಡ್ಡು ಬರುತ್ತಿತ್ತು.

ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯಲ್ಲಿ 22 ವರ್ಷ ಸಂಬಳದ ಪಟ್ಟಿ ತಯಾರಿಸಿದವನು ನಾನು. ಹಾಗಾಗಿ ಓಣಿಯ ಮಕ್ಕಳು ಪತ್ರ ತಂದು ತೋರಿಸುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಹುಡುಗ ಹುಡುಗಿಯರು ಈಗ ಬೆಂಗಳೂರು, ಹೈದರಾಬಾದ್ ಏರ್‌ಪೋರ್ಟ್‌ಗಳಲ್ಲಿ ಕೆಲಸಕ್ಕೆ ಸೇರುತ್ತಿರುವುದು ನನಗೆ ನಿಜಕ್ಕೂ ಹೆಮ್ಮೆ. ಆದರೆ ಪತ್ರದ ಮೊದಲ ಪುಟದ ದೊಡ್ಡ ಅಂಕಿ ನೋಡಿ ‘ಒಪ್ಪಿಗೆ’ ಒತ್ತಿಬಿಟ್ಟು, ಮೂರು ತಿಂಗಳಾದ ಮೇಲೆ ಬಾಡಿಗೆಗೆ ಅಪ್ಪನ ಹತ್ತಿರ ದುಡ್ಡು ಕೇಳಿದವರನ್ನೂ ಕಂಡಿದ್ದೇನೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಬೇಕಾಗುವುದು ಎರಡೂ ಪತ್ರಗಳ ಪೂರ್ತಿ ಪ್ರತಿ, ಒಂದು ಉದ್ದ ನೋಟ್‌ಬುಕ್, ಪೆನ್ಸಿಲ್. ಸಂಬಳ ಲೆಕ್ಕ ಹಾಕುವ ಆಪ್‌ಗಳನ್ನು ಈ ಕೆಲಸಕ್ಕೆ ನಂಬಬೇಡಿ. ವಾರ್ಷಿಕ ಮೊತ್ತ ಹಾಕಿದರೆ ಅವು ಸಾಮಾನ್ಯವಾಗಿ ಅರ್ಧ ಬೇಸಿಕ್ (ಮೂಲ ಸಂಬಳ) ಅಂತ ತಾವೇ ಹಿಡಿದು ಉತ್ತರ ಕೊಡುತ್ತವೆ. ವಿಮಾನದಲ್ಲಿ ಹಾರಿದ ಗಂಟೆಗೆ ಸಿಗುವ ದುಡ್ಡಿನ ಲೆಕ್ಕ ಅವುಗಳಲ್ಲಿಲ್ಲ.

ಒಂದು: ಸಂಬಳ ಕೊಡುವವರು ಯಾರು?

ಪತ್ರದ ಕೊನೆಯಲ್ಲಿ ಸಹಿ ಹಾಕಿದ ಕಂಪನಿಯ ಹೆಸರು ಓದಿ. ಗ್ರೌಂಡ್ ಸ್ಟಾಫ್ ಕೆಲಸದಲ್ಲಿ ಹಾಕುವ ಬಟ್ಟೆ ಏರ್‌ಲೈನಿನದು, ಕೌಂಟರ್ ಏರ್‌ಲೈನಿನದು, ಸಂಬಳ ಮಾತ್ರ ಏರ್‌ಲೈನ್ ಪರವಾಗಿ ಏರ್‌ಪೋರ್ಟ್ ಕೆಲಸ ಮಾಡಿಸುವ ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಯದು ಅನ್ನುವುದು ಬಹಳ ಸಾಮಾನ್ಯ. ಹಾಗಿದ್ದರೆ ಏರ್‌ಲೈನ್ ನೌಕರರಿಗೆ ಸಿಗುವ ಟಿಕೆಟ್, ವಿಮೆ, ಬಡ್ತಿ ನಿಮಗೂ ಸಿಗುತ್ತದೆ ಅಂದುಕೊಳ್ಳಬೇಡಿ. ‘ನಿಗದಿತ ಅವಧಿ’ ಅಂತ ಬರೆದಿದೆಯಾ, ಎಷ್ಟು ವರ್ಷ, ಅದನ್ನೂ ಗುರುತು ಹಾಕಿ. ಎರಡರಲ್ಲಿ ಒಂದು ನೇರ ಏರ್‌ಲೈನಿನ ಕೆಲಸವಾಗಿದ್ದರೆ, ಸಂಬಳ ಒಂದೆರಡು ಸಾವಿರ ಕಡಿಮೆ ಇದ್ದರೂ ನಾನು ಅದನ್ನೇ ಹಿಡಿಯಲು ಹೇಳುತ್ತೇನೆ.

ಎರಡು: ಕೈಗೆ ಬಾರದ ದುಡ್ಡನ್ನು ಹೊಡೆದುಹಾಕಿ

ವರ್ಷದ ಮೊತ್ತವನ್ನು 12ರಿಂದ ಭಾಗಿಸಿ. ಅದರಿಂದ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಒಟ್ಟಿಗೆ ಸಿಗುವ ಮೊತ್ತ), ವಿಮೆಯ ಕಂತು, ಬಟ್ಟೆಯ ಖರ್ಚು, ವರ್ಷದ ಕೊನೆಗೆ ‘ಸಾಧನೆ ನೋಡಿ’ ಕೊಡುವ ಮೊತ್ತ ಇಷ್ಟನ್ನೂ ಕಳೆಯಿರಿ. ಗ್ರಾಚ್ಯುಟಿ ಅಂತ ಬೇಸಿಕ್‌ನ ಶೇ 4.81 ತೋರಿಸಿರುತ್ತಾರೆ. ಕಾಯಂ ಕೆಲಸದಲ್ಲಿ ಅದು ಸಿಗಲು ಸಾಮಾನ್ಯವಾಗಿ ಐದು ವರ್ಷ ದುಡಿಯಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ಸಾಕು. ನಿಗದಿತ ಅವಧಿಗೆ ಸೇರುವವರು ಇದನ್ನು ಬಿಟ್ಟುಕೊಡಬೇಡಿ.

ಪಿಎಫ್ ದುಡ್ಡು ಎಲ್ಲೂ ಹೋಗುವುದಿಲ್ಲ, ನಿಮ್ಮದೇ. ಆದರೆ ಈ ತಿಂಗಳ ಬಾಡಿಗೆಗೆ ಬರುವುದಿಲ್ಲ, ಅಲ್ವಾ? ಅದಕ್ಕೇ ಅದನ್ನು ಬೇರೆ ಸಾಲಿನಲ್ಲಿ ಬರೆದುಕೊಳ್ಳಿ.

ಮೂರು: ಗ್ಯಾರಂಟಿ ಗಂಟೆ ಹುಡುಕಿ

ಎಲ್ಲರೂ ಎಡವುವುದು ಇಲ್ಲೇ. ಇದಕ್ಕೆ ಬೇಕಾದಷ್ಟು ಹೊತ್ತು ಕೊಡಿ.

ಕ್ಯಾಬಿನ್ ಕ್ರೂ ಸಂಬಳದಲ್ಲಿ ಎರಡು ಭಾಗ. ಹಾರಿದರೂ ಹಾರದಿದ್ದರೂ ಬರುವುದು ಒಂದು. ಹಾರಿದ ಗಂಟೆಗೆ ಇಷ್ಟು ಅಂತ ಬರುವ ಫ್ಲೈಯಿಂಗ್ ಅಲೊವೆನ್ಸ್ ಇನ್ನೊಂದು. ಪತ್ರದಲ್ಲಿ ಎರಡನ್ನೂ ಕೂಡಿಸಿ ಒಂದೇ ಮೊತ್ತ ತೋರಿಸಿರುತ್ತಾರೆ. ಆ ಮೊತ್ತಕ್ಕೆ ತಿಂಗಳಿಗೆ ಎಷ್ಟು ಗಂಟೆ ಹಿಡಿದಿದ್ದಾರೆ? ಅಷ್ಟು ಗಂಟೆ ಹಾರಿಸದಿದ್ದರೂ ದುಡ್ಡು ಕೊಡುತ್ತಾರಾ? ಈ ಎರಡು ಪ್ರಶ್ನೆಗೆ ಉತ್ತರ ಸಿಗುವವರೆಗೆ ಮುಂದೆ ಹೋಗಬೇಡಿ.

ನಮ್ಮ ಹುಡುಗಿಯ ಪತ್ರಗಳನ್ನೇ ನೋಡಿ. ಕಂಪನಿ ಯಾವುದೆಂದು ತಿಳಿಯದಂತೆ ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ.

ಮೊದಲ ಪತ್ರದಲ್ಲಿ ತಿಂಗಳಿಗೆ 55,000. ಅದರಲ್ಲಿ ಖಾಯಂ ಬರುವುದು 24,000. ಗಂಟೆಗೆ 350ರಂತೆ 70 ಗಂಟೆಗೆ 24,500. ಉಳಿದ 6,500 ರೂಪಾಯಿ ಎರಡನೇ ಹೆಜ್ಜೆಯಲ್ಲಿ ಹೊಡೆದುಹಾಕಿದ ಬಾಬತ್ತು. ಗ್ಯಾರಂಟಿ ಗಂಟೆಯ ಮಾತೇ ಇಲ್ಲ. ಎರಡನೇ ಪತ್ರದಲ್ಲಿ ತಿಂಗಳಿಗೆ 46,000. ಖಾಯಂ 30,000. ಗಂಟೆಗೆ 300 ಮಾತ್ರ. ಆದರೆ 40 ಗಂಟೆಯ ದುಡ್ಡು, ಅಂದರೆ 12,000 ರೂಪಾಯಿ, ಹಾರದಿದ್ದರೂ ಗ್ಯಾರಂಟಿ. ಉಳಿದ 4,000 ಇಲ್ಲೂ ಹೊಡೆದುಹಾಕಿದ ಬಾಬತ್ತು. 40 ಗಂಟೆಗಿಂತ ಜಾಸ್ತಿ ಹಾರಿದರೆ ಅದೇ ದರದಲ್ಲಿ ಇನ್ನಷ್ಟು.

ಈಗ ನೋಟ್‌ಬುಕ್ಕಿನಲ್ಲಿ ಮೂರು ಥರದ ತಿಂಗಳು ಬರೆಯಿರಿ: ತುಂಬಿದ್ದು, ಸಾಧಾರಣ, ಖಾಲಿ. 70 ಗಂಟೆ ಹಾರಿದ ತಿಂಗಳು ಮೊದಲ ಕಂಪನಿ 48,500 ಕೊಡುತ್ತದೆ. ಆಕೆಯ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ 46,500. ಎರಡನೆಯದು 51,000 ಕೊಡುತ್ತದೆ. ಪಿಎಫ್ 2,160, ವೃತ್ತಿ ತೆರಿಗೆ 200 ಕಳೆದರೆ 48,640. 45 ಗಂಟೆಯ ಸಾಧಾರಣ ತಿಂಗಳಲ್ಲಿ 37,750 ಮತ್ತು 41,140. ಜ್ವರ ಬಂದೋ, ಟ್ರೈನಿಂಗ್ ಬಿದ್ದೋ, ವಿಮಾನಗಳೇ ರಿಪೇರಿಗೆ ನಿಂತೋ ಒಂದು ಗಂಟೆಯೂ ಹಾರದ ತಿಂಗಳು ಬಂದರೆ ಮೊದಲನೆಯದರಲ್ಲಿ 22,200 (ಅಷ್ಟು ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಬೀಳುವುದಿಲ್ಲ), ಎರಡನೆಯದರಲ್ಲಿ 39,640.

ಈ ಕೊನೆಯ ಸಾಲು ಬರೆದಾಗ ಹುಡುಗಿ ಪೆನ್ಸಿಲ್ ಕಸಿದುಕೊಂಡು ತಾನೇ ಇನ್ನೊಮ್ಮೆ ಕೂಡಿಸಿ ಕಳೆದಳು. ಮೊದಲ ಕಂಪನಿ ಮುಂದೆ ಹೋಗಬೇಕಾದರೆ ಎಷ್ಟು ಗಂಟೆ ಹಾರಬೇಕು ಅಂತಲೂ ಲೆಕ್ಕ ಹಾಕಿದೆವು. ತಿಂಗಳಿಗೆ 113 ಗಂಟೆ, ವರ್ಷಕ್ಕೆ 1,356. ನಮ್ಮ ದೇಶದಲ್ಲಿ ಪೈಲಟ್‌ಗಳಿಗೇ ವರ್ಷಕ್ಕೆ 1,000 ಗಂಟೆಯ ಮಿತಿ ಇದೆ. ಹಾಗಾಗಿ ಆ 6,60,000 ಕಾಗದದ ಮೇಲಷ್ಟೇ ದೊಡ್ಡದು.

ಹೊಸಬರಿಗೆ ಮಾತ್ರ ಈ ತೊಂದರೆ ಅಂದುಕೊಳ್ಳಬೇಡಿ. 2024ರ ಏಪ್ರಿಲ್‌ನಲ್ಲಿ ವಿಸ್ತಾರ ಏರ್‌ಲೈನಿನ ಎಷ್ಟೋ ವಿಮಾನಗಳು ರದ್ದಾಗಿದ್ದು ನೆನಪಿರಬಹುದು. ಆ ಏರ್‌ಲೈನ್ ಏರ್ ಇಂಡಿಯಾದಲ್ಲಿ ಸೇರುವ ಮುಂಚೆ ಬಂದ ಹೊಸ ಒಪ್ಪಂದದಲ್ಲಿ ಪೈಲಟ್‌ಗಳ ಗ್ಯಾರಂಟಿ ಗಂಟೆ 70ರಿಂದ 40ಕ್ಕೆ ಇಳಿದಿತ್ತು. ಅವರ ಅಸಮಾಧಾನಕ್ಕೆ ಅದು ದೊಡ್ಡ ಕಾರಣ. ಅಷ್ಟು ಅನುಭವ ಇದ್ದವರೇ ಆ ಒಂದು ಅಂಕಿಗೆ ಪಟ್ಟು ಹಿಡಿದರು. 22 ವರ್ಷದ ಹುಡುಗಿ ಅದನ್ನು ಕೇಳುವುದರಲ್ಲಿ ಸಂಕೋಚ ಯಾಕೆ?

‘ಹಾರಿದ ಗಂಟೆ’ ಅಂದರೆ ಏನು ಅನ್ನುವುದೂ ಗೊತ್ತಿರಬೇಕು. ಚಕ್ರಕ್ಕೆ ಕೊಟ್ಟ ಅಡೆ ತೆಗೆದು ವಿಮಾನ ಕದಲಿದಾಗ ಗಂಟೆ ಶುರು. ಇಳಿದು, ಸ್ಟ್ಯಾಂಡಿಗೆ ಬಂದು ನಿಂತಾಗ ಮುಗಿಯಿತು. ಅದಕ್ಕೂ ಮುಂಚೆ ಮೇಕಪ್ ಮಾಡಿಕೊಂಡು ಏರ್‌ಪೋರ್ಟ್‌ಗೆ ಬಂದದ್ದು, ಬ್ರೀಫಿಂಗ್, ಪ್ರಯಾಣಿಕರನ್ನು ಹತ್ತಿಸಿದ್ದು, ಬ್ಯಾಗು ಮೇಲಿಟ್ಟದ್ದು, ನಡುವೆ ಕ್ಯಾಬಿನ್ ಸ್ವಚ್ಛ ಮಾಡಿದ್ದು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುವುದಿಲ್ಲ. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ 10,000ಕ್ಕೂ ಹೆಚ್ಚು ಕ್ಯಾಬಿನ್ ಕ್ರೂ ಮುಷ್ಕರ ಹೂಡಿದ್ದಕ್ಕೆ ನೆಲದ ಮೇಲಿನ ಈ ಪುಕ್ಕಟೆ ದುಡಿಮೆಯೂ ಮುಖ್ಯ ಕಾರಣ. ಅಮೆರಿಕದ ಡೆಲ್ಟಾ 2022ರಲ್ಲಿ ಪ್ರಯಾಣಿಕರನ್ನು ಹತ್ತಿಸುವ ಹೊತ್ತಿಗೂ ಅರ್ಧ ದರದಲ್ಲಿ ದುಡ್ಡು ಕೊಡಲು ಶುರು ಮಾಡಿತು.

ಇದರಿಂದ ನಮ್ಮ ಮಕ್ಕಳು ತಿಳಿಯಬೇಕಾದ್ದು ಏನೆಂದರೆ, ಚಿಕ್ಕ ಊರುಗಳಿಗೆ ಹಾರುವ ಏರ್‌ಲೈನಿನಲ್ಲಿ ದಿನವಿಡೀ ದುಡಿದರೂ ಗಂಟೆ ಏರುವುದಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೋ, ನಮ್ಮ ತೋರಣಗಲ್ಲಿನ ವಿದ್ಯಾನಗರ ಏರ್‌ಪೋರ್ಟ್‌ಗೋ ಹೋಗಿ ಬರುವ ಕೆಲಸದಲ್ಲಿ ಒಂದೊಂದು ಸಲ ಹತ್ತಿಸಿ ಇಳಿಸುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ. ಬೆಂಗಳೂರಿನಿಂದ ದೆಹಲಿಗೆ ಒಂದು ಸಲ ಹತ್ತಿಸಿದರೆ ಎರಡೂವರೆ ಗಂಟೆಗೂ ಹೆಚ್ಚು ಲೆಕ್ಕಕ್ಕೆ ಸಿಗುತ್ತದೆ. ಹಾಗಾಗಿ ಗಂಟೆಯ ದರ ಒಂದೇ ಇದ್ದರೂ ಎರಡು ಕಂಪನಿಗಳ ದುಡಿಮೆ ಒಂದೇ ಅಲ್ಲ. ಆ ಕಂಪನಿಯಲ್ಲಿ ಈಗ ಇರುವವರ ಹತ್ತಿರ ಒಂದು ತಿಂಗಳ ರೋಸ್ಟರ್ (ಡ್ಯೂಟಿ ಪಟ್ಟಿ) ನೋಡಿ. ಡ್ಯೂಟಿಯ ಗಂಟೆ ಎಷ್ಟು, ಹಾರಿದ ಗಂಟೆ ಎಷ್ಟು ಬರೆದುಕೊಳ್ಳಿ. ಕೈಗೆ ಬಂದ ದುಡ್ಡನ್ನು ಡ್ಯೂಟಿಯ ಗಂಟೆಯಿಂದ ಭಾಗಿಸಿ. ಆ ಉತ್ತರವೇ ನಿಜವಾದ ಸಂಬಳ.

ನಾಲ್ಕು: ಗ್ರೌಂಡ್ ಸ್ಟಾಫ್ ಆಗಿದ್ದರೆ

ಲೆಕ್ಕ ಸುಲಭ. ಖಾಯಂ ಸಂಬಳ, ಓವರ್‌ಟೈಮ್ ದರ, ನೈಟ್ ಶಿಫ್ಟ್ ಭತ್ಯೆ ನೋಡಿ. ಸಂಬಳ 21,000ದೊಳಗೆ ಇದ್ದರೆ ಇಎಸ್ಐ, ಅಂದರೆ ನೌಕರರ ಸರ್ಕಾರಿ ಆರೋಗ್ಯ ವಿಮೆ, ಬರುತ್ತದೆ. ನಿಮ್ಮಿಂದ ಶೇ 0.75, ಕಂಪನಿಯಿಂದ ಶೇ 3.25. 20,000 ಸಂಬಳಕ್ಕೆ ನಿಮ್ಮ ಪಾಲು ಬರೀ 150 ರೂಪಾಯಿ. ನಿಮ್ಮ ದುಡಿಮೆಯನ್ನೇ ನಂಬಿದ ಅಪ್ಪ ಅಮ್ಮನ ಚಿಕಿತ್ಸೆಗೂ ಅದು ಆಗುತ್ತದೆ. ಮಿತಿಗಿಂತ ಇನ್ನೂರು ಮುನ್ನೂರು ಜಾಸ್ತಿ ಇರುವ ಪತ್ರ ಬಂದರೆ, ಬದಲಿಗೆ ಕೊಡುವ ವಿಮೆಯಲ್ಲಿ ತಂದೆತಾಯಿ ಸೇರಿದ್ದಾರಾ ಅಂತ ಮೊದಲು ಕೇಳಿ.

ಐದು: ಊರು, ಮನೆ, ಗಾಡಿ

ದೇವನಹಳ್ಳಿಯ ಏರ್‌ಪೋರ್ಟ್ ಮೆಜೆಸ್ಟಿಕ್‌ನಿಂದ ಸುಮಾರು 35 ಕಿಲೋಮೀಟರ್. ಬೆಳಗಿನ ಜಾವ 3 ಗಂಟೆಗೆ ಡ್ಯೂಟಿ ಇದ್ದರೆ ಕಂಪನಿಯ ಗಾಡಿ ಮನೆ ಬಾಗಿಲಿಗೆ ಬರುತ್ತದಾ? ಬರುವುದಿಲ್ಲ ಅಂದರೆ ಒಬ್ಬ ಹೆಣ್ಣುಮಗಳ ಸುರಕ್ಷತೆಯ ಮಾತು ಅದು. ಅಂಥ ಕೆಲಸವನ್ನು ನಾನು ಒಪ್ಪುವುದಿಲ್ಲ. ಗಾಡಿಯ ಖರ್ಚು ಸಂಬಳದಲ್ಲಿ ಹಿಡಿಯುತ್ತಾರಾ ಅನ್ನುವುದನ್ನೂ ಕೇಳಿ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ವಾರದ ರಜೆಗೆ ಊರಿಗೆ ಬಂದು ಹೋಗುವ ಖರ್ಚು, ಹೊತ್ತು ಎರಡೂ ಉಳಿಯುತ್ತವೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಆರು: ಪುಕ್ಕಟೆ ಟಿಕೆಟ್

ಇದಕ್ಕೆ ಮನೆಯವರು ಜಾಸ್ತಿ ಮರುಳಾಗುತ್ತಾರೆ. ನೌಕರರ ರಿಯಾಯಿತಿ ಟಿಕೆಟ್ ಬಹುಪಾಲು ಸ್ಟ್ಯಾಂಡ್‌ಬೈ. ದುಡ್ಡು ಕೊಟ್ಟವರೆಲ್ಲ ಕೂತ ಮೇಲೆ ಸೀಟು ಉಳಿದರೆ ನಿಮಗೆ. ತೆರಿಗೆಯನ್ನು ಸಾಮಾನ್ಯವಾಗಿ ನೀವೇ ಕಟ್ಟಬೇಕು. ನಮ್ಮ ಪಕ್ಕದ ಮನೆಯ ದಂಪತಿ ಮಗಳ ಟಿಕೆಟ್ ನಂಬಿ ದಸರಾ ರಜೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿಗೆ ಹೋದರು. ಎರಡು ವಿಮಾನ ಕಣ್ಣೆದುರೇ ಹೋದವು, ಸೀಟು ಸಿಗಲಿಲ್ಲ. ರಾತ್ರಿ ಮತ್ತೆ ಅದೇ ರೈಲು. ತಿಂಡಿಯ ಡಬ್ಬಿ ಕೂಡ ಬಿಚ್ಚಿರಲಿಲ್ಲ. ಈ ಸೌಲಭ್ಯಕ್ಕೆ ನೋಟ್‌ಬುಕ್ಕಿನಲ್ಲಿ ಸೊನ್ನೆ ರೂಪಾಯಿ ಹಾಕಿ. ಸಿಕ್ಕಾಗ ಖುಷಿಪಡಿ.

ಏಳು: ಬಾಂಡ್ ಮತ್ತು ಕಂಪನಿಯ ಗಟ್ಟಿತನ

ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು, ಎಷ್ಟು ತಿಂಗಳ ತನಕ, ಬರೆದುಕೊಳ್ಳಿ. ಅಂಕಪಟ್ಟಿಯ ಒರಿಜಿನಲ್ ತೋರಿಸಿ, ಕೈಗೆ ಬಿಡಬೇಡಿ. ಕೆಲಸ ಕೊಡಿಸುತ್ತೇವೆ ಅಂತ ದುಡ್ಡು ಕೇಳಿದರೆ ಅದು ಮೋಸ, ಅಲ್ಲಿಂದ ಎದ್ದು ಬನ್ನಿ. ಲಕ್ಷಗಟ್ಟಲೆ ಫೀ ಕಟ್ಟಿಸಿಕೊಂಡು ‘ನೂರಕ್ಕೆ ನೂರು ಕೆಲಸ’ ಅನ್ನುವ ಏವಿಯೇಷನ್ ಕೋರ್ಸ್‌ಗಳ ಬಗ್ಗೆಯೂ ನನ್ನ ಸಲಹೆ ಒಂದೇ: ಸೇರಬೇಡಿ. ಆಯ್ಕೆ ಮಾಡಿದ ಏರ್‌ಲೈನೇ ಕ್ಯಾಬಿನ್ ಕ್ರೂಗೆ ಟ್ರೈನಿಂಗ್ ಕೊಡುತ್ತದೆ.

ಕಿಂಗ್‌ಫಿಶರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ. ಮೂರರಲ್ಲೂ ನೌಕರರ ಸಂಬಳ ಬಾಕಿ ಉಳಿಯಿತು. ಅದಕ್ಕೇ ಈಗ ಕೆಲಸದಲ್ಲಿರುವ ಇಬ್ಬರನ್ನಾದರೂ ಕೇಳಿ: ಸಂಬಳ ಯಾವ ತಾರೀಖಿಗೆ ಬರುತ್ತದೆ? ಕಳೆದ ಆರು ತಿಂಗಳಲ್ಲಿ ಒಮ್ಮೆಯಾದರೂ ತಡವಾಯಿತಾ? ಸೇರಿದ ಮೇಲೆ ಪ್ರತಿ ತಿಂಗಳೂ ಉಮಂಗ್ ಆಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು, ದುಡ್ಡು ಜಮಾ ಆಗಿದೆಯಾ ನೋಡಿ. ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸ ಇದು.

ಎಂಟು: ಮೇಲ್ ಬರೆಯಿರಿ

ಉಳಿದ ಪ್ರಶ್ನೆಗಳನ್ನು ಫೋನಿನಲ್ಲಿ ಕೇಳಬೇಡಿ. ಫೋನಿನಲ್ಲಿ ‘ಆಗ್ತದೆ ಮೇಡಂ’ ಅನ್ನುವವರು ಆರು ತಿಂಗಳಲ್ಲಿ ಬೇರೆ ಕಂಪನಿಗೆ ಹೋಗಿರುತ್ತಾರೆ. ನಮ್ಮ ಹುಡುಗಿ ಎರಡೂ ಕಡೆಗೆ ನಾಲ್ಕೇ ಸಾಲು ಬರೆದಳು: ತಿಂಗಳಿಗೆ ಎಷ್ಟು ಗಂಟೆ ಗ್ಯಾರಂಟಿ? ಕಾಯಿಲೆ ರಜೆಯಲ್ಲಿ ಮತ್ತು ಟ್ರೈನಿಂಗ್‌ನಲ್ಲಿ ಅದು ಕೊಡುತ್ತೀರಾ? ಗರ್ಭಿಣಿಯಾದಾಗ ಹಾರುವಂತಿಲ್ಲವಲ್ಲ, ಆಗ ನೆಲದ ಮೇಲೆ ಕೆಲಸ ಕೊಡುತ್ತೀರಾ, ಸಂಬಳ ಎಷ್ಟು? ವಿಮೆಯಲ್ಲಿ ಅಪ್ಪ ಅಮ್ಮ ಇದ್ದಾರಾ? ಮೂರನೇ ಪ್ರಶ್ನೆ ಬರೆಯಲು ಅವಳಿಗೆ ನಾಚಿಕೆ ಆಯಿತು. ಅಕ್ಕನೇ ‘ಬರೀ ನೀ’ ಅಂತ ಪಕ್ಕದಲ್ಲಿ ಕೂತಳು.

ಎರಡನೇ ಕಂಪನಿಯಿಂದ ಎರಡು ದಿನದಲ್ಲಿ ನಾಲ್ಕಕ್ಕೂ ಉತ್ತರ ಬಂತು. ಮೊದಲನೆಯವರು ‘ಕಂಪನಿಯ ನಿಯಮದಂತೆ’ ಅಂತ ಮಾತ್ರ ಬರೆದರು. ಬಂದ ಮೇಲ್ ಅನ್ನು ಪ್ರಿಂಟ್ ಹಾಕಿಸಿ, ಆಫರ್ ಲೆಟರ್ ಜೊತೆ ಪಿನ್ ಮಾಡಿ ಒಂದು ಪ್ರತಿ ಮನೆಯಲ್ಲಿ ಇಟ್ಟೆವು. ಇನ್ನೊಂದನ್ನು ಅವಳು ಹೋಗುವ ರಾತ್ರಿ ಅಕ್ಕ ಸೂಟ್‌ಕೇಸಿನ ತಳಕ್ಕೆ ಸೇರಿಸಿದಳು.